‘ಕಂಟ್ರೋಲ್‌ನಲ್ಲಿದೆ’ ಎಂದ ರಿಪೋರ್ಟು, ಭಾನುವಾರ ನಸುಕಿನಲ್ಲಿ ಬಿದ್ದ ಅಜ್ಜಿ: ಒಂದು ಪ್ರಕರಣ

ತುಮಕೂರು ಜಿಲ್ಲೆಯ ಹಳ್ಳಿಯೊಂದರ 74 ವರ್ಷದ ಅಜ್ಜಿ. ಸಕ್ಕರೆ ಕಾಯಿಲೆ ಶುರುವಾಗಿ 16 ವರ್ಷ. ಎತ್ತರ 150 ಸೆಂ.ಮೀ., ತೂಕ 47 ಕೆ.ಜಿ. ಎರಡು ವರ್ಷದ ಹಿಂದೆ 54 ಕೆ.ಜಿ. ಇದ್ದರು. ಮನೆಯಲ್ಲಿ ಯಜಮಾನರು, ದೊಡ್ಡ ಮಗ, ಸೊಸೆ. ಚಿಕ್ಕ ಮಗ ಬೆಂಗಳೂರಿನಲ್ಲಿದ್ದು, ಮೂರು ತಿಂಗಳಿಗೊಮ್ಮೆ ಹಳೇ ಚೀಟಿ ತೋರಿಸಿ ಮಾತ್ರೆ ತಂದುಕೊಡುತ್ತಾನೆ. (ಇದು ಒಬ್ಬರದೇ ಕಡತವಲ್ಲ. ಇಂಥ ಹಲವು ಮನೆಗಳಲ್ಲಿ ಕಾಣುವ ಸಂಗತಿಗಳನ್ನು ಒಬ್ಬ ವ್ಯಕ್ತಿಯ ಮೇಲೆ ಜೋಡಿಸಿದ್ದು.)

ಅವರನ್ನು ಆಸ್ಪತ್ರೆಗೆ ಕರೆತಂದದ್ದು ಶುಗರ್‌ಗಾಗಿ ಅಲ್ಲ. ಆರು ವಾರದಲ್ಲಿ ಎರಡು ಸಲ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಎರಡೂ ಸಲ ಬೆಳಗಿನ ಜಾವ, ನಾಲ್ಕೂವರೆಯ ಆಸುಪಾಸು. ಎರಡನೇ ಸಲ ಎಡಗೈ ಮಣಿಕಟ್ಟಿನ ಮೂಳೆ ಮುರಿಯಿತು. ಇದಲ್ಲದೆ ಕೆಲವು ದಿನ ಬೆಳಿಗ್ಗೆ ಎದ್ದಾಗ ಮಾತು ತೊದಲುತ್ತಿತ್ತು, ಸೊಸೆಯನ್ನು ಮಗಳ ಹೆಸರಿನಿಂದ ಕರೆಯುತ್ತಿದ್ದರು, ಹಲ್ಲುಪುಡಿ ಅಂಗೈಯಲ್ಲಿ ಹಾಕಿಕೊಂಡು ಸುಮ್ಮನೆ ಕೂತುಬಿಡುತ್ತಿದ್ದರು. ಕಾಫಿ ಕುಡಿದು ಅರ್ಧ ಗಂಟೆಗೆ ಎಲ್ಲ ಸರಿ. ‘ವಯಸ್ಸಾಯ್ತಲ್ಲ, ಅರಳು ಮರಳು’ ಎಂದು ಮನೆಯವರು ಅಂದುಕೊಂಡಿದ್ದರು. ಮರೆವಿನ ಕಾಯಿಲೆ ಇರಬಹುದೇ ಎಂದು ಕೇಳಲು ಬಂದಿದ್ದರು.

ಕಾಫಿಗೆ ಎರಡು ಚಮಚ ಸಕ್ಕರೆ ಹಾಕುತ್ತಿದ್ದರು ಎಂಬುದನ್ನು ಸೊಸೆ ಅಳುಕುತ್ತಲೇ ಹೇಳಿದಳು. ಈ ಪ್ರಕರಣದ ಮೊದಲ ಸುಳಿವು ಅದೇ. ಸಕ್ಕರೆ ಹಾಕಿದ ಕಾಫಿಗೆ ಅರ್ಧ ಗಂಟೆಯಲ್ಲಿ ತಿಳಿಯಾಗುವ ಗೊಂದಲ ಮರೆವಿನ ಕಾಯಿಲೆಯದ್ದಲ್ಲ.

ರಿಪೋರ್ಟು ಹೇಳಿದ್ದೇನು

ಒಂದು ತಿಂಗಳ ಹಿಂದಿನ ಲ್ಯಾಬ್ ರಿಪೋರ್ಟು: ಖಾಲಿ ಹೊಟ್ಟೆಯಲ್ಲಿ 104, ತಿಂಡಿಯಾಗಿ ಎರಡು ಗಂಟೆಗೆ 162, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇ 6.2. (ಸಕ್ಕರೆಯ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ.) ಒಂದು ವರ್ಷದ ಹಿಂದೆ ಎಚ್‌ಬಿಎ1ಸಿ 7.1 ಇತ್ತು. ಇಳಿದದ್ದಕ್ಕೆ ಮನೆಮಂದಿಗೆಲ್ಲ ಖುಷಿ.

ಅದೇ ಹಾಳೆಯ ಕೆಳಗೆ, ಯಾರೂ ಓದದ ಎರಡು ಸಾಲುಗಳಿದ್ದವು. ಕ್ರಿಯಾಟಿನಿನ್ 1.3, ಹಿಮೋಗ್ಲೋಬಿನ್ 9.8.

1.3 ಎಂದರೆ ‘ಸ್ವಲ್ಪ ಹೆಚ್ಚು, ಪರವಾಗಿಲ್ಲ’ ಅನ್ನಿಸುತ್ತದೆ. ಆದರೆ ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಈ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ವಯಸ್ಸಾಗಿ ಸ್ನಾಯು ಕರಗಿದವರಲ್ಲಿ ಅದರ ಉತ್ಪತ್ತಿಯೇ ಕಡಿಮೆ. ಹಾಗಾಗಿ ಮೂತ್ರಪಿಂಡ ಸಾಕಷ್ಟು ಸೋತಿದ್ದರೂ ಅಂಕಿ ಸೌಮ್ಯವಾಗಿಯೇ ಕಾಣುತ್ತದೆ. ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕುವ ಇಜಿಎಫ್‌ಆರ್‌ನಲ್ಲಿ, ಅಂದರೆ ಮೂತ್ರಪಿಂಡ ಎಷ್ಟು ಸೋಸುತ್ತಿದೆ ಎಂಬ ಅಂದಾಜಿನಲ್ಲಿ, ನೋಡಿದರೆ 74ರ ಈ ಹೆಂಗಸಿಗೆ ಅದು 43. ಅದೇ 1.3 ನಲವತ್ತರ ಹೆಂಗಸಿಗಿದ್ದರೆ 53. 60ರ ಕೆಳಗೆ ಮೂರು ತಿಂಗಳಿಗೂ ಹೆಚ್ಚು ನಿಂತರೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎನ್ನುತ್ತಾರೆ. 45ರ ಕೆಳಗೆ ಇಳಿದರೆ ಮಾತ್ರೆಗಳ ಪ್ರಮಾಣವನ್ನೇ ಮತ್ತೆ ನೋಡಬೇಕು. ಹಲವು ಲ್ಯಾಬ್‌ಗಳು ಇಜಿಎಫ್‌ಆರ್ ಅಚ್ಚು ಹಾಕುವುದಿಲ್ಲ. ಕೇಳಿ ಬರೆಸಿಕೊಳ್ಳಬೇಕು.

ಹಿಮೋಗ್ಲೋಬಿನ್‌ನ ಕಥೆ ಇನ್ನೂ ಸೂಕ್ಷ್ಮ. ಎಚ್‌ಬಿಎ1ಸಿ ಎಂದರೆ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂಬ ಅಳತೆ. ಕಣ ಹೆಚ್ಚು ದಿನ ಬದುಕಿದಷ್ಟೂ ಹೆಚ್ಚು ಅಂಟುತ್ತದೆ. ಕಬ್ಬಿಣದ ಕೊರತೆಯಿದ್ದಾಗ ಹಳೇ ಕಣಗಳೇ ಹೆಚ್ಚಿರುವುದರಿಂದ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಕಬ್ಬಿಣದ ಮಾತ್ರೆ ಶುರುವಾಗಿ ಹೊಸ ಕಣಗಳು ತುಂಬಿಕೊಂಡಾಗ ತಾನಾಗಿಯೇ ಇಳಿಯುತ್ತದೆ. ಅಜ್ಜಿಗೆ ಹಿಂದಿನ ವರ್ಷ ಹಿಮೋಗ್ಲೋಬಿನ್ 8.6 ಇದ್ದು, ಈ ರಿಪೋರ್ಟಿಗೆ ಮೂರು ತಿಂಗಳ ಮುಂಚೆ ಕಬ್ಬಿಣದ ಮಾತ್ರೆ ಆರಂಭಿಸಿದ್ದರು. ಹಾಗಾದರೆ 7.1ರಿಂದ 6.2ಕ್ಕೆ ಇಳಿದದ್ದರಲ್ಲಿ ಸಕ್ಕರೆಯ ಪಾಲು ಎಷ್ಟು, ರಕ್ತದ ಪಾಲು ಎಷ್ಟು ಎಂದು ಆ ಅಂಕಿಯೊಂದನ್ನೇ ಹಿಡಿದು ಹೇಳಲು ಬರುವುದಿಲ್ಲ.

ಇನ್ನೊಂದು ಮಾತು. ಎಚ್‌ಬಿಎ1ಸಿ ಬರೀ ಸರಾಸರಿ. 6.2 ಎಂದರೆ ಸರಾಸರಿ ಸುಮಾರು 131. ದಿನವಿಡೀ 120–140ರ ನಡುವೆ ಇದ್ದರೂ ಇಷ್ಟೇ ಬರುತ್ತದೆ. ಮಧ್ಯಾಹ್ನ 220, ರಾತ್ರಿ ಮೂರಕ್ಕೆ 50 ಇದ್ದರೂ ಇಷ್ಟೇ ಬರಬಹುದು. ಬೆಳಿಗ್ಗೆ ಎಂಟಕ್ಕೆ ಲ್ಯಾಬ್‌ಗೆ ಹೋಗಿ ರಕ್ತ ಕೊಡುವವರ ರಾತ್ರಿ ಮೂರು ಗಂಟೆ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ.

ಮಾತ್ರೆಯ ಪಟ್ಟಿ

ಗ್ಲಿಮೆಪಿರೈಡ್ 2 ಮಿ.ಗ್ರಾಂ. ಮತ್ತು ನಿಧಾನವಾಗಿ ಬಿಡುಗಡೆಯಾಗುವ ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ಎರಡೂ ಸೇರಿದ ಒಂದೇ ಮಾತ್ರೆ, ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು. ಬಿಪಿಗೆ ಅಟೆನೊಲಾಲ್ 50 ಮಿ.ಗ್ರಾಂ. ಜತೆಗೆ ಕಬ್ಬಿಣದ ಮಾತ್ರೆ.

ನಮ್ಮಲ್ಲಿ ತೀರಾ ಸಾಮಾನ್ಯವಾದ ಚೀಟಿ ಇದು. 58ರ ವಯಸ್ಸಿನಲ್ಲಿ ಬರೆದಾಗ ತಪ್ಪೇನೂ ಇರಲಿಲ್ಲ. ಚೀಟಿ ಬದಲಾಗಲಿಲ್ಲ, ಮೈ ಬದಲಾಯಿತು.

ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತದೆ. ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಅದರ ಪ್ರಭಾವ ಹೆಚ್ಚುಕಡಿಮೆ ಒಂದು ದಿನ ಇರುತ್ತದೆ. ಅದು ಒಡೆದು ಆಗುವ, ಇನ್ನೂ ಕಸುವಿರುವ ಅಂಶ ಮೂತ್ರಪಿಂಡದ ಮೂಲಕ ಹೊರಹೋಗಬೇಕು. ಇಜಿಎಫ್‌ಆರ್ 43 ಇರುವವರಲ್ಲಿ ಅದು ಉಳಿದುಕೊಳ್ಳುತ್ತದೆ. ದೇಹದ ಇನ್ಸುಲಿನ್ ಕೂಡ ಭಾಗಶಃ ಮೂತ್ರಪಿಂಡದಲ್ಲೇ ಕರಗುವುದರಿಂದ ಅದೂ ಹೆಚ್ಚು ಹೊತ್ತು ಸುತ್ತುತ್ತದೆ. ಸಾಲದ್ದಕ್ಕೆ, ಉಪವಾಸದ ಹೊತ್ತಿನಲ್ಲಿ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುವ ಅಂಗಗಳಲ್ಲಿ ಯಕೃತ್ತಿನ ನಂತರದ್ದು ಮೂತ್ರಪಿಂಡವೇ. ಏಳು ಕಿಲೋ ತೂಕ ಇಳಿದದ್ದು ಬೇರೆ. ಮೈ ಕಡಿಮೆಯಾಯಿತು, ಊಟ ಕಡಿಮೆಯಾಯಿತು, ಮಾತ್ರೆ ಮಾತ್ರ ದಿನಕ್ಕೆ 4 ಮಿ.ಗ್ರಾಂ. ಹಾಗೇ ನಿಂತಿತು. ಅಮೆರಿಕದ ಹಿರಿಯರ ಆರೋಗ್ಯ ತಜ್ಞರ ಸಂಘ ಹಿರಿಯರಿಗೆ ಹೊಂದದ ಔಷಧಗಳನ್ನು ಪಟ್ಟಿ ಮಾಡುವ ‘ಬಿಯರ್ಸ್’ ಪಟ್ಟಿಯ 2023ರ ಆವೃತ್ತಿ 65 ದಾಟಿದವರಿಗೆ ಗ್ಲಿಮೆಪಿರೈಡ್ ಗುಂಪಿನ ಮಾತ್ರೆಗಳನ್ನು ಮೊದಲ ಅಥವಾ ಎರಡನೇ ಆಯ್ಕೆಯಾಗಿ ಕೊಡಬೇಡಿ ಎಂದು ಹೇಳಿರುವುದು ಇದಕ್ಕೇ.

ಅಟೆನೊಲಾಲ್ ಇನ್ನೊಂದು ಕಿತಾಪತಿ ಮಾಡಿತು. ಸಕ್ಕರೆ ಇಳಿದಾಗ ಕೈ ನಡುಗುವುದು, ಎದೆ ಡವಗುಟ್ಟುವುದು ದೇಹ ಕೊಡುವ ಎಚ್ಚರಿಕೆ. ಈ ಗುಂಪಿನ ಬಿಪಿ ಮಾತ್ರೆಗಳು ಅವೆರಡನ್ನೂ ಮುಚ್ಚಿಬಿಡುತ್ತವೆ. ಬೆವರುವುದನ್ನು ಮಾತ್ರ ಮುಚ್ಚುವುದಿಲ್ಲ. ‘ರಾತ್ರಿ ಅತ್ತೆಯವರ ರವಿಕೆ, ದಿಂಬಿನ ಚೀಲ ಒದ್ದೆಯಾಗಿರುತ್ತಿತ್ತು, ಸೆಕೆ ಅಂದ್ಕೊಂಡಿದ್ದೆ’ ಎಂದು ಸೊಸೆ ಹೇಳಿದ್ದು ಕೇಳಿದ ಮೇಲೆ. ಅದು ಮಾಗಿ ಚಳಿಯ ತಿಂಗಳು. ವಯಸ್ಸಾದವರಲ್ಲಿ ಮಾತ್ರೆಯಿಲ್ಲದೆಯೂ ಈ ಎಚ್ಚರಿಕೆ ಮಂಕಾಗುತ್ತದೆ. ನಡುಕ, ಹಸಿವಿಗಿಂತ ಮುಂಚೆಯೇ ಗೊಂದಲ, ತೂರಾಟ, ಮಂಪರು ಬರುತ್ತವೆ. ಮನೆಯವರು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕುತ್ತಾರೆ.

ಭಾನುವಾರವೇ ಏಕೆ

ಬಿದ್ದ ಎರಡು ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಿದಾಗ ಎರಡೂ ಭಾನುವಾರ. ಅಜ್ಜಿ ಶನಿವಾರ ಒಪ್ಪತ್ತು ಮಾಡುತ್ತಾರೆ. ಮಧ್ಯಾಹ್ನ ಒಂದು ಊಟ, ರಾತ್ರಿ ಒಂದು ಲೋಟ ಹಾಲು, ಸಿಕ್ಕರೆ ಒಂದು ಬಾಳೆಹಣ್ಣು. ನಲವತ್ತು ವರ್ಷದ ರೂಢಿ. ‘ಶುಗರ್ ಮಾತ್ರೆ ತಪ್ಪಿಸಬಾರದು’ ಎಂದು ಯಾರೋ ಹೇಳಿದ್ದನ್ನು ನಿಷ್ಠೆಯಿಂದ ಪಾಲಿಸಿ, ಆ ರಾತ್ರಿಯೂ ಮಾತ್ರೆ ನುಂಗುತ್ತಿದ್ದರು. ಏಳು ಗಂಟೆಗೆ ಹಾಲು, ಆಮೇಲೆ ಬೆಳಗಿನವರೆಗೆ ಹನ್ನೆರಡು ಗಂಟೆ ಏನೂ ಇಲ್ಲ, ಒಳಗೆ ಗ್ಲಿಮೆಪಿರೈಡ್.

ಬೇರೆ ದಿನಗಳೂ ಪೂರ್ತಿ ಸುರಕ್ಷಿತವಾಗಿರಲಿಲ್ಲ. ದವಡೆ ಹಲ್ಲು ಹೋದ ಮೇಲೆ ರಾತ್ರಿ ಮುದ್ದೆಯ ಬದಲು ರಾಗಿ ಗಂಜಿ ಕುಡಿಯುತ್ತಿದ್ದರು. ರಾಗಿ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೊಹೈಡ್ರೇಟ್ ಇದೆ, ಅಕ್ಕಿಗಿಂತ ತೀರಾ ಕಡಿಮೆಯೇನಲ್ಲ. ಮೊಳಕೆ ಸಾರು, ಸೊಪ್ಪಿನ ಜತೆ ನುಂಗಿದ ಮುದ್ದೆ ನಿಧಾನವಾಗಿ ಕರಗುತ್ತದೆ. ನೀರಾಗಿ ಬೇಯಿಸಿದ ಗಂಜಿ ಬೇಗ ಏರಿಸಿ ಬೇಗ ಮುಗಿಯುತ್ತದೆ. ಎರಡು ಚಮಚ ಹಿಟ್ಟಿನ ಗಂಜಿ ನಡುರಾತ್ರಿಯವರೆಗೆ ಬಾಳುವುದಿಲ್ಲ.

ರಾತ್ರಿ ಮೂರರ ಅಳತೆ

ಅನುಮಾನವನ್ನು ಖಚಿತ ಮಾಡಿಕೊಳ್ಳಲು ಬೇಕಾದದ್ದು ಒಂದು ಗ್ಲೂಕೋಮೀಟರ್, ಅಲಾರಂ, ಎದ್ದೇಳುವ ಮನಸ್ಸಿರುವ ಒಬ್ಬರು. ರಾತ್ರಿ ಹತ್ತು, ನಸುಕಿನ ಮೂರು, ಬೆಳಿಗ್ಗೆ ಏಳು, ತಿಂಡಿಯಾಗಿ ಎರಡು ಗಂಟೆಗೆ: ದಿನಕ್ಕೆ ನಾಲ್ಕು ಸಲ ನೋಡಲು ಸೊಸೆಗೆ ಹೇಳಲಾಯಿತು.

ಕೈ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಬಾಳೆಹಣ್ಣು ಸುಲಿದ ಬೆರಳಲ್ಲಿ 110 ಇರುವುದು 200 ದಾಟಿ ತೋರಿಸಬಹುದು. ಸ್ಯಾನಿಟೈಸರ್ ಒದ್ದೆಯಿದ್ದರೂ ಅಂಕಿ ತಪ್ಪುತ್ತದೆ. ಬೆರಳ ತುದಿಯ ನಟ್ಟನಡುವೆ ಚುಚ್ಚದೆ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಚಳಿಯಲ್ಲಿ ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಕೈ ಕೆಳಗಿಳಿಸಿ ಹಿಡಿಯಬೇಕು. ಜೋರಾಗಿ ಹಿಂಡಿದರೆ ರಕ್ತದ ಜತೆ ಮೈನೀರೂ ಬೆರೆಯುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ತೇವ ಹಿಡಿದು ಕೆಡುತ್ತದೆ, ಬಚ್ಚಲ ಪಕ್ಕದ ಗೂಡಿನಲ್ಲಿ ಇಡುವುದಂತೂ ಬೇಡ. ಮೀಟರ್ ಸರಿಯಿದ್ದರೂ 100ರ ಕೆಳಗೆ 15 ಅಂಕಿ ಆಚೀಚೆ, 100ರ ಮೇಲೆ ಶೇ 15 ಆಚೀಚೆ ತೋರಲು ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ರಕ್ತಹೀನತೆ ಇರುವವರಲ್ಲಿ ಹಲವು ಮೀಟರ್‌ಗಳು ಇರುವುದಕ್ಕಿಂತ ತುಸು ಹೆಚ್ಚೇ ತೋರಿಸುತ್ತವೆ. ಅಂದರೆ ಅಜ್ಜಿಯ ಮೀಟರಿನಲ್ಲಿ 60 ಕಂಡರೆ ನಿಜ ಅದಕ್ಕಿಂತ ಕೆಳಗಿರಬಹುದು.

ತೋಳಿಗೆ ಅಂಟಿಸುವ 14 ದಿನದ ಸೆನ್ಸರ್ ಕೂಡ ಇದೆ, ದುಬಾರಿ. ಅದನ್ನು ಹಾಕಿಕೊಂಡ ತೋಳಿನ ಮೇಲೆ ಮಲಗಿದರೆ ಇಲ್ಲದ ಲೋ ಶುಗರ್ ತೋರಿಸುವುದುಂಟು. ಕಂಡ ಅಂಕಿಯನ್ನು ಬೆರಳು ಚುಚ್ಚಿ ಖಾತ್ರಿ ಮಾಡಿಕೊಳ್ಳಬೇಕು.

ಮೊದಲ ರಾತ್ರಿ ಹತ್ತಕ್ಕೆ 121, ಮೂರಕ್ಕೆ 63. ಎರಡನೇ ರಾತ್ರಿ ಹತ್ತಕ್ಕೆ 108, ಮೂರಕ್ಕೆ 52. 70ರ ಕೆಳಗೆ ಇಳಿದರೆ ಲೋ ಶುಗರ್. 54ರ ಕೆಳಗೆ ಇಳಿದರೆ ಮಿದುಳಿಗೆ ಸಾಕಾಗದ ಮಟ್ಟ, ತಕ್ಷಣ ಏನಾದರೂ ಮಾಡಲೇಬೇಕು. 52 ಇದ್ದಾಗ ಅಜ್ಜಿ ಎಚ್ಚರವಾಗಿ, ಮಾತಾಡುತ್ತ, ‘ನಂಗೇನೂ ಆಗಿಲ್ಲ, ಮಲ್ಕೊಳಮ್ಮ’ ಎಂದೇ ಹೇಳುತ್ತಿದ್ದರು. ಅಂದು ಬೆಳಿಗ್ಗೆ ಏಳಕ್ಕೆ ನೋಡಿದರೆ 101. ಲ್ಯಾಬ್ ಆಗಿದ್ದರೆ ಮತ್ತೆ ಶಹಬ್ಬಾಸ್ ಅನ್ನುತ್ತಿತ್ತು. ಮೂರನೇ ರಾತ್ರಿಗೆ ಕಾಯದೆ ಅಂದೇ ಮಾತ್ರೆ ನಿಲ್ಲಿಸಲಾಯಿತು.

ಆ ಹೊತ್ತಿನಲ್ಲಿ ಮನೆಯಲ್ಲಿ ಏನು ಮಾಡಬೇಕೆಂಬುದನ್ನು ಮೊದಲೇ ಹೇಳಿಕೊಟ್ಟಿದ್ದರು. ಪ್ರಜ್ಞೆ ಇದ್ದು ನುಂಗಲು ಆಗುತ್ತಿದ್ದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, ಅರ್ಧ ಲೋಟ ನೀರಿನಲ್ಲಿ. ಇದು ಸುಮಾರು 15 ಗ್ರಾಂ. 15 ನಿಮಿಷ ಬಿಟ್ಟು ಮತ್ತೆ ಅಳತೆ. 70 ದಾಟದಿದ್ದರೆ ಇನ್ನೊಂದು ಸಲ. ದಾಟಿದ ಮೇಲೆ ಒಂದು ಚಪಾತಿಯೋ ನಾಲ್ಕು ಬಿಸ್ಕತ್ತೋ ಕೊಡಬೇಕು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಮೊದಲಿಗೇ ಬಿಸ್ಕತ್ತು, ಚಾಕೊಲೇಟ್ ಕೊಡುವುದು ತಪ್ಪು. ಅದರ ಕೊಬ್ಬು ಸಕ್ಕರೆ ಏರುವುದನ್ನು ತಡಮಾಡುತ್ತದೆ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ತಗೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಅದನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಅಂಥ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಕೂಡದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಗ್ಲಿಮೆಪಿರೈಡ್‌ನಿಂದ ಪ್ರಜ್ಞೆ ತಪ್ಪಿದವರು ಡ್ರಿಪ್ ಹಾಕಿದೊಡನೆ ಎದ್ದು ಕೂತರೂ ಮನೆಗೆ ಕರೆದೊಯ್ಯಬಾರದು. ಮಾತ್ರೆ ಒಳಗೇ ಇರುವುದರಿಂದ ಕೆಲವೇ ಗಂಟೆಯಲ್ಲಿ ಮತ್ತೆ ಇಳಿಯುತ್ತದೆ, ಒಂದು ದಿನವಾದರೂ ನಿಗಾ ಬೇಕು.

ಬದಲಾಯಿಸಿದ್ದು

ಮೊದಲ ಅಡ್ಡಿ ಮಾತ್ರೆಯ ಸ್ವರೂಪದಲ್ಲೇ ಇತ್ತು. ‘ಅರ್ಧ ಮಾಡಿ ಕೊಡಲಾ’ ಎಂದು ಮಗ ಫೋನಿನಲ್ಲಿ ಕೇಳಿದ. ಎರಡು ಔಷಧ ಸೇರಿದ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಮುರಿದರೆ ಮೆಟ್‌ಫಾರ್ಮಿನ್ ಒಮ್ಮೆಗೇ ಸುರಿದು ಹೊಟ್ಟೆ ಕೆಡುತ್ತದೆ. ಗ್ಲಿಮೆಪಿರೈಡ್ ಸರಿಯಾಗಿ ಅರ್ಧವಾಗುವುದೂ ಖಾತ್ರಿಯಿಲ್ಲ. ವಯಸ್ಸಾದವರಿಗೆ ಇಂಥ ಜೋಡಿ ಮಾತ್ರೆ ಅನುಕೂಲ ಎನ್ನುವವರಿದ್ದಾರೆ, ನುಂಗುವ ಸಂಖ್ಯೆ ಕಡಿಮೆ ಎಂದು. ಒಂದನ್ನು ಇಳಿಸಬೇಕಾದ ದಿನ ಬಂದಾಗ ಆ ಅನುಕೂಲವೇ ಕಗ್ಗಂಟು.

ಹಾಗಾಗಿ ಜೋಡಿ ಮಾತ್ರೆ ಪೂರ್ತಿ ನಿಂತಿತು. ಬರೀ ಮೆಟ್‌ಫಾರ್ಮಿನ್ 500 ಮಿ.ಗ್ರಾಂ. ತಿಂಡಿಯ ನಂತರ ಒಂದು, ರಾತ್ರಿ ಊಟದ ನಂತರ ಒಂದು. ಇಜಿಎಫ್‌ಆರ್ 30–45ರ ನಡುವೆ ಇದ್ದಾಗ ದಿನಕ್ಕೆ 1,000 ಮಿ.ಗ್ರಾಂ. ದಾಟಿಸುವುದಿಲ್ಲ. ಅಟೆನೊಲಾಲ್ ಕೂಡ ಮೂತ್ರಪಿಂಡದಿಂದಲೇ ಹೊರಹೋಗುವ ಔಷಧ. ಹಠಾತ್ತಾಗಿ ನಿಲ್ಲಿಸದೆ ಹಂತಹಂತವಾಗಿ ಇಳಿಸಿ ಆಮ್ಲೋಡಿಪಿನ್‌ಗೆ ಬದಲಾಯಿಸಿದರು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಕಡಿಮೆಯಾಗುವುದು ಸಾಮಾನ್ಯ. ನೋಡಿದಾಗ ಅಜ್ಜಿಗೂ ಕಡಿಮೆಯಿತ್ತು, ಇಂಜೆಕ್ಷನ್ ಶುರುವಾಯಿತು. ಅವರಿಗೆ ಅಂಗಾಲು ಜೋಮು ಹಿಡಿಯುತ್ತಿತ್ತು, ಅದರಲ್ಲಿ ಬಿ12 ಕೊರತೆಯ ಪಾಲೂ ಇದ್ದಿರಬಹುದು.

ಮೂರು ವಾರಕ್ಕೆ ಖಾಲಿ ಹೊಟ್ಟೆಯ ಅಂಕಿ 130–148, ತಿಂಡಿಯ ನಂತರ 215–240. ರಾತ್ರಿ ಮೂರಕ್ಕೆ 110ರ ಕೆಳಗೆ ಒಮ್ಮೆಯೂ ಇಲ್ಲ. ಊಟದ ನಂತರದ್ದು ಹೆಚ್ಚಿದ್ದರಿಂದ ಲಿನಾಗ್ಲಿಪ್ಟಿನ್ 5 ಮಿ.ಗ್ರಾಂ. ದಿನಕ್ಕೊಂದು ಸೇರಿಸಿದರು. ಇದು ಸಕ್ಕರೆ ಏರಿದಾಗ ಮಾತ್ರ ಇನ್ಸುಲಿನ್‌ಗೆ ಒತ್ತಾಸೆ ಕೊಡುವ ಮಾತ್ರೆ, ಒಂಟಿಯಾಗಿ ಲೋ ಶುಗರ್ ತರುವುದು ಅಪರೂಪ, ಮೂತ್ರಪಿಂಡ ಸೋತರೂ ಪ್ರಮಾಣ ಬದಲಿಸಬೇಕಿಲ್ಲ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಹೊಸ ಗುಂಪಿನ ಮಾತ್ರೆ ಮೂತ್ರಪಿಂಡಕ್ಕೂ ಹೃದಯಕ್ಕೂ ಒಳ್ಳೆಯದೇ. ಆದರೆ 47 ಕಿಲೋಗೆ ಇಳಿದ, ರಾತ್ರಿ ಎದ್ದು ಬೀಳುವ ಅಜ್ಜಿಗೆ ಇನ್ನಷ್ಟು ತೂಕ ಇಳಿಸುವ, ಹೆಚ್ಚು ಮೂತ್ರ ತರಿಸುವ ಮಾತ್ರೆ ಈಗ ಬೇಡ ಎಂದು ಬಿಟ್ಟರು. ಸರಿಯಾದ ತೀರ್ಮಾನ.

ಒಪ್ಪತ್ತು ಬಿಡಿ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಕೇಳುತ್ತಲೂ ಇರಲಿಲ್ಲ. ಶನಿವಾರ ರಾತ್ರಿ ಹಾಲಿನ ಜತೆ ನೆನೆಸಿದ ಅವಲಕ್ಕಿ ಒಂದು ಬಟ್ಟಲು ಫಲಾಹಾರಕ್ಕೆ ಒಪ್ಪಿಕೊಂಡರು.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ

ನಾಲ್ಕನೇ ತಿಂಗಳು ಎಚ್‌ಬಿಎ1ಸಿ 7.4 ಬಂತು. ಹಿಮೋಗ್ಲೋಬಿನ್ 11.2ಕ್ಕೆ ಏರಿ ನೆಲೆಗೊಂಡಿತ್ತು, ಆದ್ದರಿಂದ ಈ ಅಂಕಿಯನ್ನು ಹೆಚ್ಚು ನಂಬಬಹುದು. ಬಿದ್ದದ್ದಿಲ್ಲ, ಬೆಳಗಿನ ಗೊಂದಲವಿಲ್ಲ, ಒಂದೂವರೆ ಕಿಲೋ ತೂಕ ಕೂಡಿತ್ತು. ಆದರೂ ಬೆಂಗಳೂರಿನ ಮಗನಿಗೆ ಗಾಬರಿ. ‘6.2 ಇದ್ದದ್ದು 7.4 ಆಗಿದೆ, ಹಳೇ ಮಾತ್ರೆಯೇ ಚೆನ್ನಾಗಿತ್ತಲ್ಲ?’

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಲ್ಯಾಬ್ ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ‘ನಾರ್ಮಲ್’ ಅಂಕಿ ವಯಸ್ಸು ಕೇಳುವುದಿಲ್ಲ. ಖಾಲಿ ಹೊಟ್ಟೆ 126 ಮುಟ್ಟಿದರೆ, ಎಚ್‌ಬಿಎ1ಸಿ 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಎಂಬುದು ಕಾಯಿಲೆ ಪತ್ತೆಮಾಡುವ ಗೆರೆ. ಅದು ಚಿಕಿತ್ಸೆಯ ಗುರಿಯಲ್ಲ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹಿರಿಯರನ್ನು ಮೂರು ಗುಂಪು ಮಾಡಿದೆ. ಗಟ್ಟಿಮುಟ್ಟಾಗಿರುವವರಿಗೆ ಎಚ್‌ಬಿಎ1ಸಿ 7.0–7.5ರ ಒಳಗೆ. ಮೂರು ಅಥವಾ ಹೆಚ್ಚು ದೀರ್ಘಕಾಲದ ತೊಂದರೆ ಇರುವವರಿಗೆ 8ರ ಒಳಗೆ, ಖಾಲಿ ಹೊಟ್ಟೆಯಲ್ಲಿ 90–150, ಮಲಗುವ ಮುಂಚೆ 100–180. ಹಾಸಿಗೆ ಹಿಡಿದವರಿಗೆ, ತೀವ್ರ ಮರೆವಿನವರಿಗೆ ಎಚ್‌ಬಿಎ1ಸಿಯ ಗುರಿಯೇ ಬೇಡ, ಲೋ ಶುಗರ್ ಆಗದಂತೆ, ವಿಪರೀತ ಏರದಂತೆ ನೋಡಿಕೊಂಡರೆ ಸಾಕು. ಆ ದೀರ್ಘಕಾಲದ ತೊಂದರೆಗಳ ಪಟ್ಟಿಯಲ್ಲಿ ಬಿಪಿ, ಮೂತ್ರಪಿಂಡದ ಕಾಯಿಲೆಯ ಜತೆ ‘ಬೀಳುವುದು’ ಕೂಡ ಇದೆ. ಅಜ್ಜಿಗೆ ಮೂರೂ ಇವೆ.

ಬಿಗಿ ಹಿಡಿತದ ಆಸೆಗೆ ದೊಡ್ಡ ಪೆಟ್ಟು ಬಿದ್ದದ್ದು 2008ರಲ್ಲಿ. ಅಮೆರಿಕ, ಕೆನಡಾದ 10,251 ಮಂದಿಯ ‘ಅಕಾರ್ಡ್’ ಅಧ್ಯಯನದಲ್ಲಿ ಒಂದು ಗುಂಪನ್ನು 6ರ ಕೆಳಗೆ ಇಳಿಸಲು ಹೊರಟರು. ಅವರಲ್ಲಿ 257 ಮಂದಿ ತೀರಿಕೊಂಡರು, ಸಡಿಲ ಹಿಡಿತದ ಗುಂಪಿನಲ್ಲಿ 203. ಬಿಗಿ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅವರ ಸರಾಸರಿ ವಯಸ್ಸು 62, ನಮ್ಮ ಅಜ್ಜಿಗಿಂತ ಹನ್ನೆರಡು ವರ್ಷ ಚಿಕ್ಕವರು. ಅಲ್ಲದೆ, ಬಿಗಿ ಹಿಡಿತದಿಂದ ಕಣ್ಣಿಗೆ, ಮೂತ್ರಪಿಂಡಕ್ಕೆ ಆಗುವ ಲಾಭ ಕೈಗೆ ಬರಲು ಹಲವು ವರ್ಷ ಬೇಕು. ಲೋ ಶುಗರ್‌ನಿಂದ ಸೊಂಟದ ಮೂಳೆ ಮುರಿಯಲು ಒಂದು ರಾತ್ರಿ ಸಾಕು.

ಹಾಗೆಂದು ಮೇಲಿನ ಕಡೆಗೆ ಮಿತಿಯಿಲ್ಲವೆಂದಲ್ಲ. ವಯಸ್ಸಾದವರಲ್ಲಿ ಬಾಯಾರಿಕೆ ಮಂಕಾಗುತ್ತದೆ. ಯುವಕರಲ್ಲಿ 180 ದಾಟಿದರೆ ಮೂತ್ರದಲ್ಲಿ ಕಾಣುವ ಸಕ್ಕರೆ ಇವರಲ್ಲಿ ಇನ್ನೂ ಮೇಲೇರಿದ ಮೇಲೆ ಕಾಣುತ್ತದೆ. ‘ಜಾಸ್ತಿ ಮೂತ್ರ ಹೋಗ್ತಿಲ್ಲ, ದಾಹ ಇಲ್ಲ, ಶುಗರ್ ಸರಿಯಿದೆ’ ಎಂಬ ಲೆಕ್ಕ ಅದಕ್ಕೇ ತಪ್ಪುತ್ತದೆ. ಎರಡು ಮೂರು ದಿನ 250ರ ಮೇಲೆ ನಿಂತರೆ, ಜ್ವರದ ಜತೆ 300 ದಾಟಿದರೆ, ಮಂಪರು ಬಂದರೆ ವೈದ್ಯರನ್ನು ಕಾಣಬೇಕು. ವಾಂತಿ ಭೇದಿಯಾಗಿ ನೀರು ನಿಲ್ಲದ ದಿನ ಮೆಟ್‌ಫಾರ್ಮಿನ್ ಹಾಕಬಾರದು, ಫೋನ್ ಮಾಡಿ ಕೇಳಬೇಕು. ಮೂತ್ರದ ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್ ಗುಂಪಿನವು, ಕೋಟ್ರೈಮಾಕ್ಸಜೋಲ್ ಸಕ್ಕರೆಯನ್ನು ಇಳಿಸಬಲ್ಲವು. ಗ್ಲಿಮೆಪಿರೈಡ್ ಮೇಲಿರುವ ಹಿರಿಯರಿಗೆ ಮೆಡಿಕಲ್ ಸ್ಟೋರಿನಿಂದ ಅಂಥದ್ದನ್ನು ಕೇಳಿ ತರುವುದು ಅಪಾಯಕ್ಕೆ ಆಹ್ವಾನ.

ಮಗನನ್ನು ಒಪ್ಪಿಸಿದ್ದು ಈ ಅಂಕಿಗಳಲ್ಲ. ಸೊಸೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಆ ಎರಡು ರಾತ್ರಿಯ 63, 52ನ್ನು ಫೋಟೊ ತೆಗೆದು ಕಳಿಸಿದಾಗ ಒಪ್ಪಿದ. ಹಳೇ ಚೀಟಿಯನ್ನು ಹರಿದುಹಾಕಲು ಹೇಳಲಾಯಿತು. ಮನೆಯಲ್ಲಿ ಉಳಿದಿದ್ದ ಎರಡು ಪಟ್ಟಿ ಜೋಡಿ ಮಾತ್ರೆಯನ್ನೂ ವಾಪಸ್ ತರಿಸಿಕೊಂಡರು. ಹಳೆಯದನ್ನು ಖಾಲಿ ಮಾಡಿ ಹೊಸದು ಶುರು ಮಾಡುವ ಮಿತವ್ಯಯ ನಮ್ಮ ಮನೆಗಳಲ್ಲಿ ಇದ್ದೇ ಇದೆ.

ಈಗ ವಾರಕ್ಕೆ ಎರಡು ದಿನ ಅಳತೆ: ಒಮ್ಮೆ ಖಾಲಿ ಹೊಟ್ಟೆ, ಒಮ್ಮೆ ರಾತ್ರಿ ಹತ್ತು. ಮೂರು ಗಂಟೆಯದ್ದು ಔಷಧ ಬದಲಾದಾಗ, ಜ್ವರ ಬಂದಾಗ, ಮತ್ತೆ ಬೆವರು ಕಂಡಾಗ ಮಾತ್ರ. ಕ್ರಿಯಾಟಿನಿನ್ ಮತ್ತು ಇಜಿಎಫ್‌ಆರ್ ನಾಲ್ಕು ತಿಂಗಳಿಗೊಮ್ಮೆ. 30ರ ಕೆಳಗೆ ಇಳಿದರೆ ಮೆಟ್‌ಫಾರ್ಮಿನ್ ನಿಲ್ಲುತ್ತದೆ, ಲಿನಾಗ್ಲಿಪ್ಟಿನ್ ಹಾಗೇ ಮುಂದುವರಿಯುತ್ತದೆ. ತೂಕ ತಿಂಗಳಿಗೊಮ್ಮೆ, ಅದೇ ತಕ್ಕಡಿಯಲ್ಲಿ. ಎರಡು ಕಿಲೋ ಇಳಿದರೆ ಮುಂದಿನ ಭೇಟಿಗೆ ಕಾಯದೆ ಚೀಟಿ ತೋರಿಸಬೇಕು.